ಪರಸ್ಥಳದಲ್ಲಿ ಬಾಡಿಗೆಯ ಗಾಡಿ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಬರಲೇಬೇಕೆಂದು ಸಂಪಾದಕಿಯವರು ಅಪ್ಪಣೆಮಾಡಿದಾಗ, ಶಿಸ್ತು, ಸಮಯಪಾಲನೆ, ಗೃಹಕೃತ್ಯ ಮುಂತಾದವುಗಳಲ್ಲೊಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಅಂಥ ವಿಷಯಗಳನ್ನು ಕುರಿತು ನಾವು ಪ್ರತಿ ಸೋಮವಾರ ಬೆಳಿಗ್ಗೆ ಮಾತಾಡುತ್ತಲೇ ಇರುತ್ತೇವೆ. ನಿಂತು ನಿಂತು ಕಾಲು ಸೋತ ಬಾಲಿಕೆಯರಿಗೆ ಅಚ್ಚಿನಲ್ಲಿಯೂ ಅದನ್ನೇ ಬಡಿಸುವದು ನ್ಯಾಯವಲ್ಲ. ಆದಕಾರಣ ಪಾಲಕರು ಪ್ರತಿಯೊಂದು ಪ್ರವಾಸಕ್ಕೆ ಮುಂಚೆ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು ಕೇಳುವ ಒಂದು ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. "ರೈಲಿನಿಂದ ಇಳಿದ ಮ್ಯಾಲೆ ಆ ಊರಾಗ ಹುಡುಗ್ಯಾರನ್ನ ಹೆಂಗ ಅಡ್ಡಾಡಸ್ತೀರಿ, ಟೀಚರ್? ಸ್ಟ್ಯಾಂಡಿನ ಟ್ಯಾಕ್ಸಿನೋ, ಮೊಬೈಲ್‌ನಾಗ ಕರಿಯೂ ಗಾಡಿನೋ?"

ಪ್ರಶ್ನೆಯು ಸಣ್ಣದೆಂದು ತೋರುವದು. ಆದರೆ ಪರರ ಮಕ್ಕಳನ್ನು ಕೈಹಿಡಿದುಕೊಂಡು ಪರಸ್ಥಳದಲ್ಲಿ ನಿಂತವರಿಗೆ ಅದು ಸಣ್ಣದಲ್ಲ.

ನಾವು ಮೊದಲನೆಯ ಸಲ ಮೈಸೂರನ್ನು ನೋಡಿದ್ದು 1994ರಲ್ಲಿ, ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ. ನಿಲ್ದಾಣದ ಹೊರಗೆ ಟಾಂಗಾಗಳು ಸಾಲಾಗಿ ನಿಂತಿದ್ದವು. ಆ ಸೀಮೆಯವರು ಅದನ್ನು ಜಟಕಾ ಎನ್ನುವದನ್ನು ಕೇಳಿ ನಾವೆಲ್ಲರೂ ನಕ್ಕು ಗದರಿಸಿಕೊಂಡೆವು. ಅಂದಿನ ನಮ್ಮ ಮುಖ್ಯೋಪಾಧ್ಯಾಯಿನಿಯವರು ಕೊಡೆಯನ್ನು ನೆಲಕ್ಕೆ ಊರಿ ನಿಂತು, ನಾಲ್ಕು ಗಾಡಿಗಳವರೊಂದಿಗೆ ಬಾಡಿಗೆಯನ್ನು ಖಚಿತಮಾಡಿದರು. ಎಲ್ಲಿಗೆ, ಎಷ್ಟು ಹೊತ್ತು, ಕಾದು ನಿಂತರೆ ಏನು, ಕತ್ತಲಾದರೆ ಏನು, ಎಲ್ಲವನ್ನೂ ಕೇಳಿದರು. ಬಳಿಕ ಪ್ರತಿ ಗಾಡಿಯ ನಂಬರನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು, ಯಾವ ಗಾಡಿಯಲ್ಲಿ ಯಾವ ಹುಡುಗಿಯರೆಂಬದನ್ನು ಅದರ ಮುಂದೆ ಗುರುತಿಸಿದರು. ಸಂಜೆ ಇಳಿಯುವಾಗ ಮಾತಾಡಿದ ಹಣದ ಮೇಲೆ ಗಾಡಿಗೆ ಎರಡೆರಡು ರೂಪಾಯಿ ಹೆಚ್ಚು ಕೊಟ್ಟು, "ಇದು ಕುದುರೆಗೆ" ಎಂದರು. ಬೆಳಿಗ್ಗೆ ಅಷ್ಟು ಚೌಕಾಶಿಮಾಡಿದವರು ಸಂಜೆ ಹೆಚ್ಚಾಗಿ ಕೊಡುವದು ಯಾಕೆಂಬದು ಆಗ ನಮಗೆ ತಿಳಿಯಲಿಲ್ಲ. ತಿಳಿಯುವದಕ್ಕೆ ಮೂವತ್ತು ವರ್ಷಗಳು ಬೇಕಾದವು.

ಈಗ ಆ ಸಣ್ಣ ಪುಸ್ತಕದ ಕೆಲಸವನ್ನು ಮೊಬೈಲೇ ಮಾಡುತ್ತದೆ. 2010ರಲ್ಲಿ ಓಲಾ ಎಂಬ ಸಂಸ್ಥೆಯು ಆರಂಭವಾಯಿತು. 2013ರಲ್ಲಿ ಅಮೇರಿಕದ ಊಬರ್ ಬೆಂಗಳೂರಿನ ಮೂಲಕ ನಮ್ಮ ದೇಶವನ್ನು ಪ್ರವೇಶಿಸಿತು. 2022ರಲ್ಲಿ ಬೆಂಗಳೂರಿನಲ್ಲಿಯೇ ನಮ್ಮ ಯಾತ್ರಿ ಎಂಬದು ಹುಟ್ಟಿ, ಪ್ರತಿ ಬಾಡಿಗೆಯಲ್ಲಿ ಪಾಲು ತೆಗೆದುಕೊಳ್ಳುವ ಬದಲಾಗಿ ಚಾಲಕರಿಂದ ಸಣ್ಣ ಶುಲ್ಕವನ್ನು ಮಾತ್ರ ಪಡೆಯುವ ಪದ್ಧತಿಯನ್ನು ತಂದಿತು. ಇವುಗಳ ರೀತಿಯು ಬಹುತೇಕ ಒಂದೇ. ನಾವಿರುವ ಸ್ಥಳ ಹಾಗೂ ಹೋಗತಕ್ಕ ಸ್ಥಳವನ್ನು ತಿಳಿಸಿದರೆ ಬಾಡಿಗೆಯು ಮುಂಚಿತವಾಗಿ ಕಾಣುವದು. ಒಪ್ಪಿದರೆ ಚಾಲಕನ ಹೆಸರು, ಭಾವಚಿತ್ರ, ಗಾಡಿಯ ನಂಬರು ಬರುವವು. ನಾಲ್ಕು ಅಂಕೆಗಳ ಗುಪ್ತಸಂಖ್ಯೆಯೊಂದನ್ನು ಹೇಳಿದ ಹೊರತು ಪ್ರಯಾಣವು ಆರಂಭವಾಗದು. ಗಾಡಿಯು ಎಲ್ಲಿದೆಯೆಂಬದನ್ನು ಊರಲ್ಲಿ ಕುಳಿತ ಮನೆಯವರು ಸಹ ನೋಡಬಹುದು. ಗಂಡಸರಿಗೆ ಇದು ಬರೇ ಅನುಕೂಲವಾಗಿರಬಹುದು. ಆದರೆ ಕತ್ತಲಾದ ಮೇಲೆ ಪರಿಚಯವಿಲ್ಲದ ಊರಿನ ನಿಲ್ದಾಣದಲ್ಲಿಳಿದು, ಹತ್ತು ಮಂದಿ ಡ್ರೈವರುಗಳು ಸುತ್ತುಗಟ್ಟಿ ಕೂಗುತ್ತಿರುವಾಗ, ಒಬ್ಬಳೇ ಹೆಂಗಸು ದರದ ಮಾತಾಡಬೇಕಾಗಿದ್ದ ದಿನಗಳನ್ನು ಕಂಡವರು ಇದನ್ನು ಅಲಕ್ಷ್ಯಮಾಡಲಾರರು. ನಾವು ಆ ದಿನಗಳನ್ನು ಕಂಡವರು.

2024ರ ಅಕ್ಟೋಬರದಲ್ಲಿ, ವರ್ಷವೆಲ್ಲಾ ಒಂದು ದಿನವೂ ತಪ್ಪದೆ ಶಾಲೆಗೆ ಬಂದ ಐವರು ಬಾಲಿಕೆಯರನ್ನು ಬಹುಮಾನವಾಗಿ ಮೈಸೂರಿನ ದಸರಾ ನೋಡಲಿಕ್ಕೆ ಕರೆದುಕೊಂಡು ಹೋದೆವು. ವೆಚ್ಚವು ಹಳೆಯ ವಿದ್ಯಾರ್ಥಿನಿಯರು ಕೂಡಿಸಿದ ನಿಧಿಯದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಯಾಕಂದರೆ ಪರರ ಹಣವು ಕೈಯಲ್ಲಿರುವಾಗ ಮನುಷ್ಯನು ಕೆಲವು ಸಲ ಜಾಗರೂಕನಾಗುತ್ತಾನೆ, ಕೆಲವು ಸಲ ಜಿಪುಣನಾಗುತ್ತಾನೆ, ಎರಡಕ್ಕೂ ನಡುವಣ ಗೆರೆಯು ಆಗ ಕಾಣುವದಿಲ್ಲ. ನಮ್ಮೊಂದಿಗೆ ಸಹೋಪಾಧ್ಯಾಯಿನಿಯೊಬ್ಬರಿದ್ದರು. ಒಟ್ಟು ಏಳು ಮಂದಿ. ಆಟೋದಲ್ಲಿ ಮೂವರು, ಸಣ್ಣ ಕಾರಿನಲ್ಲಿ ನಾಲ್ವರು ಕೂಡ್ರಬಹುದೆಂಬದು ನಿಯಮ. ಆದ್ದರಿಂದ ಎಲ್ಲಿಗೆ ಹೊರಟರೂ ಎರಡು ಗಾಡಿಗಳು ಬೇಕು, ಒಂದೊಂದರಲ್ಲಿ ಒಬ್ಬೊಬ್ಬ ಉಪಾಧ್ಯಾಯಿನಿಯಿರಬೇಕು, ಎರಡು ಮೊಬೈಲುಗಳಿಂದ ಎರಡು ಸಲ ಕರೆಯಬೇಕು.

7ನೆಯ ತಾರೀಖು ಸೋಮವಾರ ಬೆಳಿಗ್ಗೆ ಮೈಸೂರಿನಲ್ಲಿಳಿದೆವು. ಮೊಬೈಲಿನಲ್ಲಿ ಕರೆದ ಎರಡು ಕಾರುಗಳು ಐದು ನಿಮಿಷಗಳೊಳಗಾಗಿ ಬಂದವು. ಹಳದಿ ಫಲಕ, ಕಪ್ಪು ಅಕ್ಷರ, ಮೈಸೂರಿನ 09 ಹಾಗೂ 55ರ ನಂಬರುಗಳು. ಹುಡುಗಿಯರು ಮೊಬೈಲಿನೊಂದಿಗೆ ತಾಳೆನೋಡಿ, "ಇದ ಐತ್ರಿ" ಎಂದು ಕೂಗಿದರು. ಸಂತ ಫಿಲೋಮಿನರ ಚರ್ಚಿನ ಜೋಡಿಗೋಪುರಗಳು ಕಾಣುವ ಬೀದಿಯಲ್ಲಿದ್ದ ವಸತಿಗೃಹಕ್ಕೆ ಒಂದು ಮಾತಿಲ್ಲದೆ, ಒಂದು ತಕರಾರಿಲ್ಲದೆ ಮುಟ್ಟಿದೆವು. ಕಂಡ ಹಣವೇ ಕೊಟ್ಟ ಹಣ. ನಾವು ಸಹೋಪಾಧ್ಯಾಯಿನಿಗೆ, "ಇನ್ನು ಮೂರು ದಿನವೂ ಹೀಗೆಯೇ" ಎಂದೆವು. ನಾವು ಹಾಗೆ ಹೇಳಿದ್ದನ್ನು ಅವರು ಈಗಲೂ ನೆನಪುಮಾಡಿಕೊಡುತ್ತಾರೆ.

ಅಂದು ಚಾಮುಂಡಿಬೆಟ್ಟಕ್ಕೆ ಮಾತ್ರ ಕಾರನ್ನು ಕರೆಯಲಿಲ್ಲ. ನಗರ ಬಸ್ ನಿಲ್ದಾಣದಿಂದ 201ನೆಯ ನಂಬರಿನ ಬಸ್ಸು ಬೆಟ್ಟಕ್ಕೆ ಹೋಗುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ಆಧಾರ್ ಚೀಟಿಯನ್ನು ತೋರಿಸಿದರೆ ಕಂಡಕ್ಟರು ಸೊನ್ನೆಯ ಟಿಕೀಟನ್ನು ಕೊಡುತ್ತಾರೆ. ಟ್ಯಾಕ್ಸಿಯೋ ಆ್ಯಪೋ ಎಂದು ವಾದಿಸುವವರು ಈ ಮೂರನೆಯದನ್ನು ಮರೆಯುವದು ಆಶ್ಚರ್ಯ. ನಿಧಿಯ ಹಣವು ಉಳಿಯಿತು, ಏಳು ಮಂದಿಯೂ ಒಂದೇ ಗಾಡಿಯಲ್ಲಿದ್ದೆವು, ಹುಡುಗಿಯರಿಗೆ ಕಿಟಕಿಯೂ ಸಿಕ್ಕಿತು.

ಮರುದಿನ ಶ್ರೀರಂಗಪಟ್ಟಣ, ರಂಗನತಿಟ್ಟು, ಸಂಜೆ ಕನ್ನಂಬಾಡಿಯ ಬೃಂದಾವನ ಎಂದು ಗೊತ್ತುಮಾಡಿದ್ದೆವು. ಇಲ್ಲಿ ಮೊಬೈಲಿನ ಗಾಡಿಯು ಸರಿಹೋಗದೆಂದು ವಸತಿಗೃಹದ ಮೇಟ್ರನ್ ಅವರೇ ಎಚ್ಚರಿಸಿದರು. ಹೋಗಲಿಕ್ಕೆ ಕಾರು ಸಿಕ್ಕೀತು, ಆದರೆ ರಾತ್ರಿ ಏಳೂವರೆ ಗಂಟೆಗೆ, ಕಾರಂಜಿಗಳ ಆಟವನ್ನು ನೋಡಿದ ಜನರೆಲ್ಲರೂ ಒಮ್ಮೆಗೇ ಹೊರಬರುವಾಗ, ಊರಿನಿಂದ ಇಪ್ಪತ್ತು ಕಿಲೋಮೀಟರು ದೂರದಲ್ಲಿ ಹಿಂದಿರುಗಲಿಕ್ಕೆ ಕಾರನ್ನು ಎಲ್ಲಿಂದ ಕರೆಯುವದು? ಮಾತು ಒಪ್ಪತಕ್ಕದ್ದೇ. ಆದ್ದರಿಂದ ಬೀದಿಯ ತುದಿಯಲ್ಲಿದ್ದ ಟ್ಯಾಕ್ಸಿ ಸ್ಟ್ಯಾಂಡಿನಿಂದ ಇಡೀ ದಿನಕ್ಕೆ ದೊಡ್ಡ ಗಾಡಿಯೊಂದನ್ನು ಗೊತ್ತುಮಾಡಿದೆವು. ಹಳೆಯ ಇನ್ನೋವಾ, ಒಳಗೆ ಏಳು ಮಂದಿಗೂ ಸ್ಥಳವಿತ್ತು. ಚಾಲಕರು ಅರುವತ್ತರ ಹತ್ತಿರದವರು, ಇಸ್ತ್ರಿಮಾಡಿದ ಖಾಕಿ ಅಂಗಿ, ಮಿತವಾದ ಮಾತು. ಮೂರು ಸಾವಿರ ರೂಪಾಯಿ ಎಂದರು. ನಾವು ಒಪ್ಪಿದೆವು. ಅವರು ಆ ಬಳಿಕ ಇನ್ನೂ ಏನೋ ಹೇಳಿದರು. ನಾವು ಆಗ ಹುಡುಗಿಯರ ತಲೆಗಳನ್ನು ಎಣಿಸುತ್ತಿದ್ದೆವು.

ಆ ದಿನವು ಬಹು ಚೆನ್ನಾಗಿ ಕಳೆಯಿತು. ದರಿಯಾ ದೌಲತ್ತಿನ ಗೋಡೆಗಳ ಮೇಲಣ ಯುದ್ಧದ ಚಿತ್ರಗಳ ಮುಂದೆ ನಮ್ಮ ಇತಿಹಾಸದ ಪಾಠವು ಒಂದು ತಾಸು ನಡೆಯಿತು. ಸಂಗಮದಲ್ಲಿ ಕಾಲು ತೋಯಿಸಿಕೊಂಡೆವು. ರಂಗನತಿಟ್ಟಿನಲ್ಲಿ ದೋಣಿಯಿಂದ ಮೊಸಳೆಯನ್ನು ಕಂಡು ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಎಲ್ಲಿ ಇಳಿದರೂ ನಾವು ಹೊರಬರುವ ಹೊತ್ತಿಗೆ ಆ ಚಾಲಕರು ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿಕೊಂಡು ಕಾದಿರುತ್ತಿದ್ದರು. ನೀರಿನ ಬಾಟ್ಲಿಗಳನ್ನು ತುಂಬಿಸಿಕೊಟ್ಟರು. ಬೃಂದಾವನದ ಜನಸಂದಣಿಯಲ್ಲಿ ನಮ್ಮ ಸಹೋಪಾಧ್ಯಾಯಿನಿಯವರು ಮಕ್ಕಳೊಂದಿಗೆ ಬೇರೆ ಬಾಗಿಲಿನಿಂದ ಹೊರಬಿದ್ದಾಗ, ಅವರನ್ನು ಹುಡುಕಿ ಕರೆತಂದವರೂ ಅವರೇ. ಹಿಂದಿರುಗುವ ದಾರಿಯಲ್ಲಿ ವಾಹನಗಳು ಮೈಲುಗಟ್ಟಲೆ ನಿಂತುಬಿಟ್ಟಿದ್ದವು. ವಸತಿಗೃಹದ ಬಾಗಿಲಲ್ಲಿಳಿದಾಗ ರಾತ್ರಿ ಒಂಬತ್ತೂವರೆ. ಹೊರಟದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ.

ಆಗ ಅವರು, "ಮೂರು ಸಾವಿರದ ಏಳ್ನೂರು ಆಯ್ತಮ್ಮ" ಎಂದರು.

ಇಲ್ಲಿ ನಡೆದದ್ದನ್ನು ಬರೆಯಲು ನಮಗೆ ಸಂತೋಷವಿಲ್ಲ. ದಣಿವು, ನಿಧಿಯ ಲೆಕ್ಕ, ಪರಸ್ಥಳದವರನ್ನು ಎಲ್ಲರೂ ಸುಲಿಯುತ್ತಾರೆಂಬ ಹಳೆಯ ಶಂಕೆ, ಇವೆಲ್ಲಾ ಒಟ್ಟಾಗಿ ನಾಲಿಗೆಗೆ ಬಂದವು. ಮೊಬೈಲನ್ನು ತೆಗೆದು, ಬೃಂದಾವನಕ್ಕೆ ಕಾರಿನ ಬಾಡಿಗೆಯು ಎಷ್ಟೆಂಬದನ್ನು ಅವರ ಮುಖದ ಮುಂದೆ ಹಿಡಿದೆವು. ಐನೂರರ ಆಸುಪಾಸಿನ ಅಂಕೆ. "ಯಂತ್ರವು ಐನೂರು ಎನ್ನುತ್ತದೆ, ನೀವು ಏಳ್ನೂರು ಹೆಚ್ಚು ಕೇಳುತ್ತೀರಿ. ಹೊರಗಿನಿಂದ ಬಂದ ಹೆಂಗಸರೆಂದು ತಿಳಿದು ಹೀಗೆ ಮಾಡುವದು ನಿಮ್ಮ ವಯಸ್ಸಿಗೆ ಶೋಭಿಸುವದಿಲ್ಲ" ಎಂದೆವು. ಗಟ್ಟಿಯಾಗಿಯೇ ಅಂದೆವು. ಐವರು ಹುಡುಗಿಯರೂ ಅಲ್ಲಿಯೇ ನಿಂತಿದ್ದರು.

ಅವರು ಸಿಟ್ಟಾಗಲಿಲ್ಲ. "ಅದು ಹೋಗೋದಕ್ಕೆ ಮಾತ್ರ, ಅಮ್ಮ. ನಾನು ಕಾದು ಕೂತಿದ್ದು ಆ ಫೋನಿಗೆ ಗೊತ್ತಾಗಲ್ಲ" ಎಂದರು. ನಾವು ಗಾಡಿ ನಿಲ್ಲಿಸಿದ್ದಕ್ಕೆ ತೆತ್ತ ಹಣವೆಂದು ಇನ್ನೂರು ರೂಪಾಯಿಯನ್ನು ಮಾತ್ರ ಹೆಚ್ಚಿಗೆ ಕೊಟ್ಟೆವು. ಎಣಿಸದೆ ಜೇಬಿಗಿಟ್ಟುಕೊಂಡು, ಹುಡುಗಿಯರಿಗೆ "ಹೋಗಿ ಬನ್ನಿ ಮಕ್ಕಳೇ" ಎಂದು ಹೇಳಿ ಹೊರಟುಹೋದರು. ನಮಗೆ ಜಯವಾಯಿತೆಂದು ತೋರಿತು.

ಊಟಕ್ಕೆ ಕುಳಿತಾಗ ಐವರಲ್ಲೊಬ್ಬಳು ರೊಟ್ಟಿಯನ್ನು ಮುಟ್ಟಲಿಲ್ಲ. ಒಂಬತ್ತನೆಯ ಇಯತ್ತೆಯವಳು; ಮಾತು ಕಡಿಮೆ; ಲೆಕ್ಕದಲ್ಲಿ ಚುರುಕು. ಹೊಟ್ಟೆ ನೋವೇ ಎಂದು ಕೇಳಿದೆವು. ಇಲ್ಲವೆಂದಳು. ಬಳಿಕ ತಟ್ಟೆಯನ್ನು ನೋಡುತ್ತಲೇ, "ನಮ್ಮಪ್ಪಗೂ ಮಂದಿ ಹಿಂಗ ಅಂತಾರ್ರಿ, ಟೀಚರ್" ಎಂದಳು.

ಅವಳ ತಂದೆಯು ಹುಬ್ಬಳ್ಳಿಯಲ್ಲಿ ಬಾಡಿಗೆಯ ಕಾರನ್ನು ಓಡಿಸುವವನೆಂಬದು ಪ್ರವೇಶದ ಅರ್ಜಿಯಲ್ಲಿ ಬರೆದಿತ್ತು. ನಾವೇ ಸಹಿಮಾಡಿದ ಅರ್ಜಿ.

ವಾಚಕರೇ, ಮಕ್ಕಳ ಮುಂದೆ ತಪ್ಪಿದ ಲೆಕ್ಕವನ್ನು ಮಕ್ಕಳ ಮುಂದೆಯೇ ತಿದ್ದಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆ ರಾತ್ರಿ ಊಟದ ಮೇಜಿನ ಮೇಲೆ ನೋಟುಬುಕ್ಕನ್ನು ತೆರೆದು, ಆ ಹುಡುಗಿಯನ್ನೇ ಬರೆಯಲಿಕ್ಕೆ ಕೂಡ್ರಿಸಿದೆವು. ಗಾಡಿಯನ್ನೇರುವಾಗ ಆ ಚಾಲಕರು ಎರಡನೆಯದಾಗಿ ಏನು ಹೇಳಿದ್ದರೆಂಬದು ಅವಳಿಗೆ ಅಕ್ಷರಶಃ ನೆನಪಿತ್ತು: ಎಂಟು ಗಂಟೆ, ಎಂಬತ್ತು ಕಿಲೋಮೀಟರು, ಮೇಲಾದರೆ ಗಂಟೆಗೆ ಇನ್ನೂರು, ಗಾಡಿ ನಿಲ್ಲಿಸುವ ಹಣ ಬೇರೆ. ನಾವು ಗಾಡಿಯನ್ನು ಇಟ್ಟುಕೊಂಡದ್ದು ಹತ್ತೂವರೆ ಗಂಟೆ. ಎರಡೂವರೆ ಗಂಟೆಗೆ ಐನೂರು, ನಿಲುಗಡೆಗೆ ಇನ್ನೂರು. ಏಳ್ನೂರಕ್ಕೆ ಒಂದು ರೂಪಾಯಿಯೂ ಹೆಚ್ಚಲ್ಲ.

ಇನ್ನು ಮೊಬೈಲಿನ ಕಡೆಯಿಂದಲೂ ನೋಡೋಣವೆಂದೆವು. 2024ರ ಆರಂಭದಲ್ಲಿ ರಾಜ್ಯ ಸರಕಾರವು ನಗರದ ಟ್ಯಾಕ್ಸಿಗಳಿಗೂ ಆ್ಯಪಿನ ಟ್ಯಾಕ್ಸಿಗಳಿಗೂ ಒಂದೇ ದರವನ್ನು ಗೊತ್ತುಪಡಿಸಿತ್ತು. ಹತ್ತು ಲಕ್ಷಕ್ಕಿಂತ ಕಡಿಮೆ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆ ಮೇಲೆ ಕಿಲೋಮೀಟರಿಗೆ 24. ಕಾಯುವದಕ್ಕೆ ಮೊದಲ 5 ನಿಮಿಷ ಬಿಟ್ಟು ನಿಮಿಷಕ್ಕೆ ಒಂದು ರೂಪಾಯಿ. ನಾವು ತಿರುಗಾಡಿದ್ದು ಸುಮಾರು 70 ಕಿಲೋಮೀಟರು. ಹಾಗಾದರೆ ಒಂದು ಸಣ್ಣ ಕಾರಿಗೆ 1,684. ನಮಗೆ ಬೇಕಾದವು ಎರಡು: 3,368. ಕಾದದ್ದು ಏಳು ಗಂಟೆ ಎಂದು ಹಿಡಿದರೆ ಕಾರಿಗೆ 415ರಂತೆ ಇನ್ನೂ 830. ಒಟ್ಟು 4,198. ಹುಡುಗಿಯು ಕೆಳಗೆ ಎರಡು ಗೆರೆಗಳನ್ನೆಳೆದು ಪೆನ್ನನ್ನು ಇಟ್ಟಳು. ನಾವು "ಶೋಭಿಸುವದಿಲ್ಲ" ಎಂದು ಯಾರಿಗೆ ಅಂದೆವೋ ಅವರು ಸರಕಾರದ ಲೆಕ್ಕಕ್ಕಿಂತ ಐನೂರು ಕಡಿಮೆಯನ್ನೇ ಕೇಳಿದ್ದರು.

ಬಳಿಕ ಅವಳು ತನ್ನ ತಂದೆಯ ಸಂಗತಿಯನ್ನು ಹೇಳಿದಳು. ಮೊಬೈಲಿನ ಗಿರಾಕಿಯು ಕೊಟ್ಟ ನೂರರಲ್ಲಿ ಸಂಸ್ಥೆಯು ಇಪ್ಪತ್ತನ್ನು, ಕೆಲವು ಸಲ ಅದಕ್ಕೂ ಮೇಲೆ ಹಿಡಿಯುವದು. ಚಾಲಕನಿಗೆ ನೂರಕ್ಕೆ ಎಂಬತ್ತಾದರೂ ಸಲ್ಲಬೇಕೆಂದು ಕೇಂದ್ರ ಸರಕಾರವು 2020ರಲ್ಲಿಯೇ ಮಾರ್ಗಸೂಚಿಯನ್ನು ಹೊರಡಿಸಿತ್ತೆಂಬದು ಅವಳಿಗೆ ತಿಳಿಯದು, ಅದನ್ನು ನಾವು ಹೇಳಿದೆವು. ಉಳಿದದ್ದರಲ್ಲಿ ಇಂಧನ, ಬ್ಯಾಂಕಿನ ಕಂತು, ವಿಮೆ. ದೂರಕ್ಕೆ ಹೋಗಿ ಖಾಲಿ ಬಂದರೆ ಇಂಧನವೂ ಹುಟ್ಟದು. ಹಾಗೆಂದು ಅವನು ಆ್ಯಪನ್ನು ಬಿಟ್ಟನೋ? ಬಿಡಲಿಲ್ಲ. "ಸ್ಟ್ಯಾಂಡಿನ್ಯಾಗ ಕುಂತ್ರ ದಿನಕ್ಕೊಂದು ಬಾಡಿಗಿ ಸೈತ ಸಿಗಂಗಿಲ್ರಿ. ಅದರಾಗಾದ್ರ ನಾಕು ಬರ್ತಾವು." ಹದಿನಾಲ್ಕು ವರ್ಷದವಳ ಬಾಯಲ್ಲಿ ಈ ವಿವರಗಳು ಪಾಠ ಒಪ್ಪಿಸಿದಂತೆ ಬಂದವು. ಆ ಮನೆಯಲ್ಲಿ ರಾತ್ರಿಯ ಮಾತು ಇದೇ ಆಗಿರಬೇಕು.

ಬುಧವಾರ ಬೆಳಿಗ್ಗೆ ಎದ್ದವರೇ ಐನೂರು ರೂಪಾಯಿಯನ್ನು ತೆಗೆದುಕೊಂಡು, ಆ ಹುಡುಗಿಯನ್ನೂ ಕರೆದುಕೊಂಡು, ಸ್ಟ್ಯಾಂಡಿಗೆ ಹೋದೆವು. ಅವರಿರಲಿಲ್ಲ. ಐದು ಗಂಟೆಗೇ ಊಟಿಗೆ ಬಾಡಿಗೆ ಹೋಗಿದ್ದಾರೆಂದೂ ರಾತ್ರಿಯ ಹೊರತು ಬರುವದಿಲ್ಲವೆಂದೂ ಇನ್ನೊಬ್ಬ ಚಾಲಕನು ಹೇಳಿದನು. ನಮ್ಮ ರೈಲು ಅದೇ ರಾತ್ರಿ. ಮೊಬೈಲಿನಲ್ಲಿ ಕರೆದ ಗಾಡಿಯಾಗಿದ್ದರೆ ಹೆಸರು, ನಂಬರು, ತಾಸು, ತಾರೀಖು ಎಲ್ಲಾ ದಾಖಲಾಗಿರುತ್ತಿತ್ತು. ಇವರ ಹೆಸರನ್ನು ಸಹ ನಾವು ಕೇಳಿರಲಿಲ್ಲ. ಹತ್ತೂವರೆ ಗಂಟೆಗಳ ಕಾಲ ಅವರ ಬೆನ್ನಿನ ಹಿಂದೆ ಕುಳಿತಿದ್ದೆವು. ಆ ಇನ್ನೊಬ್ಬನು ಅವರ ಫೋನಿನ ನಂಬರನ್ನು ಕೊಟ್ಟನು. ಘಟ್ಟದಲ್ಲಿ ಗಾಡಿ ಓಡಿಸುವವರನ್ನು ಕರೆಯುವದು ಸರಿಯಲ್ಲವೆಂದು ಮೊಬೈಲಿನ ಮೂಲಕ ಹಣವನ್ನು ಮಾತ್ರ ಕಳುಹಿಸಿದೆವು. ಹಣವು ಕ್ಷಣಮಾತ್ರದಲ್ಲಿ ಹೋಯಿತು. ಉಳಿದದ್ದು ಹೋಗಲಿಲ್ಲ.

ಅಂದಿನ ಸಂಜೆ ಅರಮನೆಯ ದೀಪಗಳು. 1912ರಲ್ಲಿ ಪೂರ್ಣವಾದ ಆ ಅರಮನೆಯು ಸುಮಾರು ಒಂದು ಲಕ್ಷ ದೀಪಗಳಿಂದ ಒಮ್ಮೆಗೇ ಬೆಳಗಿದ್ದನ್ನು ಕಂಡು ಹುಡುಗಿಯರು ಬಾಯಿ ತೆರೆದು ನಿಂತರು. ಅದನ್ನು ವರ್ಣಿಸುವ ಕೆಲಸವನ್ನು ಇದೇ ಸಂಚಿಕೆಯಲ್ಲಿ ಅವರಿಗೇ ಬಿಟ್ಟಿದ್ದೇವೆ. ಸಾಮಾನುಗಳನ್ನು ಬೆಳಿಗ್ಗೆಯೇ ನಿಲ್ದಾಣದಲ್ಲಿ ಇಟ್ಟು ಬಂದಿದ್ದೆವು. ನಿಲ್ದಾಣವು ಎರಡು ಕಿಲೋಮೀಟರು. ರೈಲಿಗೆ ಇನ್ನೂ ಎರಡು ತಾಸುಗಳಿದ್ದವು. ಎರಡು ಮೊಬೈಲುಗಳನ್ನು ತೆಗೆದು ಎರಡು ಕಾರುಗಳನ್ನು ಕರೆದೆವು.

ಸೋಮವಾರ ಐದು ನಿಮಿಷಕ್ಕೆ ಬಂದ ಗಾಡಿಯು ಬುಧವಾರ ಬರಲಿಲ್ಲ. ನಕ್ಷೆಯಲ್ಲಿ ಕಾರಿನ ಚಿತ್ರವು ಕೂಗಳತೆಯಲ್ಲಿಯೇ ಇತ್ತು, ಆದರೆ ಕದಲಲಿಲ್ಲ. ಚಾಲಕನು ಕರೆಮಾಡಿ, "ಪೊಲೀಸ್‌ನೋರು ಆ ಕಡೆ ಗಾಡಿ ಬಿಡ್ತಿಲ್ಲ ಮೇಡಂ, ನೀವೇ ಕ್ಯಾನ್ಸಲ್ ಮಾಡ್ಬಿಡಿ" ಎಂದನು. ನಾವು ರದ್ದುಮಾಡಿದರೆ ದಂಡವು ನಮಗೆ, ಅವನು ಮಾಡಿದರೆ ಅವನಿಗೆ. ಇಬ್ಬರೂ ಮತ್ತೊಬ್ಬರು ಮಾಡಲೆಂದು ಕಾದೆವು. ಎರಡನೆಯವನು ಫೋನನ್ನೇ ಎತ್ತಲಿಲ್ಲ. ಪುನಃ ಕರೆದಾಗ ಬಾಡಿಗೆಯು ಇಮ್ಮಡಿಯ ಹತ್ತಿರಕ್ಕೆ ಏರಿತ್ತು. ಬೇಡಿಕೆಯು ಹೆಚ್ಚಾದಾಗ ದರವು ಏರುವದು ಈ ಪದ್ಧತಿಯ ಸ್ವಭಾವ. 2020ರ ಮಾರ್ಗಸೂಚಿಯು ಮೂಲದರದ ಒಂದೂವರೆ ಪಟ್ಟಿಗೆ ಅದನ್ನು ಮಿತಿಗೊಳಿಸಿತ್ತು. 2025ರ ಮಾರ್ಗಸೂಚಿಯು ಎರಡು ಪಟ್ಟಿನವರೆಗೆ ಬಿಟ್ಟಿತು. ಆ ಅಂಕೆಯನ್ನು ನೋಡುತ್ತಾ ನಿಂತಾಗ ಒಂದು ವಿಚಾರವು ಚುಚ್ಚಿತು: ಯಂತ್ರವು ಎರಡು ಪಟ್ಟು ಕೇಳಿದರೆ ನಾವು ಯಾರ ಮುಖಕ್ಕೆ ಮೊಬೈಲನ್ನು ಹಿಡಿಯುವದು? ಅದಕ್ಕೆ ಮುಖವಿಲ್ಲ, ಆದ್ದರಿಂದ ಅದರೊಡನೆ ಯಾರೂ ಜಗಳಾಡುವದಿಲ್ಲ.

ಇಪ್ಪತ್ತೈದು ನಿಮಿಷಗಳು ಹೀಗೆ ಕಳೆದವು. ಕಡೆಗೆ ಮಹಿಳಾ ಪೊಲೀಸರೊಬ್ಬರು, "ನಡ್ಕೊಂಡೇ ಹೋಗ್ಬಿಡಿ ಮೇಡಂ, ಅರ್ಧ ಗಂಟೆ ಅಷ್ಟೆ, ದಾರಿ ತುಂಬಾ ಜನ ಇದ್ದಾರೆ, ಭಯ ಇಲ್ಲ" ಎಂದರು. ಸಹೋಪಾಧ್ಯಾಯಿನಿಯವರು ಮುಂದೆ, ನಾವು ಹಿಂದೆ, ಹುಡುಗಿಯರು ಇಬ್ಬಿಬ್ಬರಾಗಿ ಕೈಹಿಡಿದು ನಡುವೆ. ಸಯ್ಯಾಜಿರಾವ್ ರಸ್ತೆಯ ದೀಪಗಳ ಕೆಳಗೆ ನಡೆದು ಇರ್ವಿನ್ ರಸ್ತೆಗೆ ತಿರುಗಿದೆವು. ಮೂರು ದಿನಗಳಲ್ಲಿ ಅವರಿಗೆ ಅತ್ಯಂತ ಸಂತೋಷವನ್ನುಂಟುಮಾಡಿದ್ದು ಈ ನಡಿಗೆಯೇ ಎಂದು ಆಮೇಲೆ ಹೇಳಿದರು. ವೆಚ್ಚವಿಲ್ಲದ ಪ್ರಯಾಣಗಳೇ ನಮ್ಮ ಪಾಲಿಗೆ ಚೆನ್ನಾಗಿ ನಡೆದವೆಂಬದನ್ನು ನಿಧಿಯ ಕಾರ್ಯದರ್ಶಿಯವರು ಗಮನಿಸಬೇಕು.

ಇರ್ವಿನ್ ರಸ್ತೆಯಲ್ಲಿರುವಾಗ ಮೊಬೈಲು ಬಾರಿಸಿತು. ರದ್ದಾದ ಕಾರಿನವನೇ ಇರಬೇಕೆಂದು ಸ್ವಲ್ಪ ಬಿರುಸಾಗಿ "ಹೇಳಿ" ಎಂದೆವು.

"ಅಮ್ಮ, ಐನೂರು ರೂಪಾಯಿ ಬಂದಿದೆ. ಯಾರದ್ದು ಅಂತ ಗೊತ್ತಾಗ್ಲಿಲ್ಲ, ತಪ್ಪಾಗಿ ಬಂದಿದ್ರೆ ವಾಪಸ್ ಹಾಕ್ತೀನಿ."

ನಾವು ಯಾರೆಂಬದನ್ನು ಹೇಳಿ, ಲೆಕ್ಕವು ನಮ್ಮದೇ ತಪ್ಪಿತ್ತೆಂದೂ ಆಡಿದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದೆಂದೂ ಹೇಳಿದೆವು. ವಾದ್ಯಗಳ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. "ಏನಂದ್ರಿ ಅಮ್ಮ?" ಎಂದರು. ಪುನಃ ಹೇಳಿದೆವು. "ಕೇಳಿಸ್ತಿಲ್ಲ ಅಮ್ಮ, ಜೋರಾಗಿ ಹೇಳಿ" ಎಂದರು. ಹೀಗಾಗಿ ನಾವು ಜನನಿಬಿಡವಾದ ರಸ್ತೆಯ ನಡುವೆ, ಐವರು ವಿದ್ಯಾರ್ಥಿನಿಯರು ತಿರುಗಿ ನೋಡುತ್ತಿರುವಾಗ, "ನಮ್ಮದು ತಪ್ಪಾಯಿತು, ಕ್ಷಮಿಸಬೇಕು" ಎಂದು ಕೂಗಬೇಕಾಯಿತು. ಮೊದಲನೆಯ ಮಾತನ್ನು ಎಷ್ಟು ಗಟ್ಟಿಯಾಗಿ ಆಡಿದ್ದೆವೋ ಅಷ್ಟೇ ಗಟ್ಟಿಯಾಗಿ.

"ಅಯ್ಯೋ, ಬಿಡಿ ಅಮ್ಮ. ರೈಲು ಸಿಕ್ತಾ? ಎಲ್ಲಾ ಮಕ್ಳೂ ಜೊತೆಲಿದ್ದಾರಾ?" ಎಂದು ಕೇಳಿದರು. ಇದ್ದಾರೆಂದೆವು. ಆ ಮೇಲೆ ಅವರ ಹೆಸರನ್ನು ಕೇಳಿ ಬರೆದುಕೊಂಡೆವು. ಆ ಐನೂರು ರೂಪಾಯಿಯು ನಿಧಿಯ ಲೆಕ್ಕದಲ್ಲಿ ಇಲ್ಲ. ಅದು ನಮ್ಮ ಸ್ವಂತದ್ದು.

ಇಷ್ಟಾದ ಮೇಲೆ, ಪಾಲಕರು ಬಾಗಿಲಲ್ಲಿ ನಿಂತು ಪ್ರಶ್ನೆಯನ್ನು ಕೇಳಿದರೆ ನಾವು ಏನು ಹೇಳುತ್ತೇವೆ? ನಿಲ್ದಾಣದಿಂದ ವಸತಿಗೆ, ಒಂದು ಬೀದಿಯಿಂದ ಮತ್ತೊಂದಕ್ಕೆ, ಹೊತ್ತುಮೀರಿ ಇಳಿದಾಗ, ಮೊಬೈಲಿನ ಗಾಡಿಯೇ ಸರಿಯೆನ್ನುತ್ತೇವೆ; ಫಲಕವನ್ನು ತಾಳೆನೋಡದೆ ಯಾರೂ ಬಾಗಿಲನ್ನು ಮುಟ್ಟಬಾರದು, ಪ್ರಯಾಣದ ಕೊಂಡಿಯು ಶಾಲೆಯ ಕಚೇರಿಗೆ ಹೋಗಿರಬೇಕು, 112 ಎಂಬ ಸಂಖ್ಯೆಯು ಪ್ರತಿ ಹುಡುಗಿಗೂ ಬಾಯಿಪಾಠವಿರಬೇಕು. ಊರ ಹೊರಗೆ ಹೋಗಿ ನಿಂತು ನೋಡಿ ಬರುವದಾದರೆ ಸ್ಟ್ಯಾಂಡಿನ ಟ್ಯಾಕ್ಸಿ. ಜಾತ್ರೆಯ ಸಂಜೆಯಲ್ಲಿ ಎರಡೂ ಇಲ್ಲ. ಕಾಲು, ಇಲ್ಲವೇ ಬಸ್ಸು. ಇದು ಮೈಸೂರಿನ ಮಾತು. ಗೋವೆಗೆ ಹೋದವರು ಬೇರೆಯಾಗಿ ಹೇಳುತ್ತಾರೆ, ಅಲ್ಲಿಯ ಟ್ಯಾಕ್ಸಿಯವರಿಗೂ ಆ್ಯಪುಗಳಿಗೂ ನಡುವಣ ಕಲಹವು ಬೇರೆಯೇ ಕಥೆ.

2025ರಲ್ಲಿ ದಸರಾ ಸೆಪ್ಟಂಬರ 22ರಿಂದಲೇ ಆರಂಭವಾಯಿತು. ಆ ವರ್ಷದ ಐವರನ್ನು ಆರಿಸಿದ ದಿನವೇ ಮೈಸೂರಿಗೆ ಫೋನುಮಾಡಿದೆವು. ಈಗ ಹತ್ತನೆಯ ಇಯತ್ತೆಯಲ್ಲಿದ್ದ ಆ ಹುಡುಗಿಯನ್ನು ನಮ್ಮ ಕೊಠಡಿಗೆ ಕರೆಸಿ, ನೋಟುಬುಕ್ಕು ಕೊಟ್ಟು ಪಕ್ಕದಲ್ಲಿ ಕೂಡ್ರಿಸಿಕೊಂಡೆವು. ಎಷ್ಟು ಗಂಟೆ, ಎಷ್ಟು ಕಿಲೋಮೀಟರು, ಮೇಲಾದರೆ ಎಷ್ಟು, ನಿಲುಗಡೆಯ ಹಣ ಯಾರದು, ಮಳೆ ಬಂದು ತಡವಾದರೆ ಏನು ಎಂದು ಒಂದೊಂದಾಗಿ ಕೇಳಿದೆವು. ಅವರು ಹೇಳಿದಂತೆ ಅವಳು ಬರೆದಳು. ಅವರು ನಗುತ್ತಾ, "ಇನ್ನೇನಾದ್ರೂ ಇದೆಯಾ ಅಮ್ಮ?" ಎಂದರು.

ಹುಡುಗಿಯು ಪೆನ್ನನ್ನು ಎತ್ತಿ ನಮ್ಮ ಕಡೆಗೆ ನೋಡಿ, ಮೆಲ್ಲನೆ, "ಅವರ ಊಟದ್ದು ಕೇಳ್ರಿ, ಟೀಚರ್" ಎಂದಳು.

ಕೇಳಿದೆವು. ಅದನ್ನೂ ಬರೆದುಕೊಂಡಳು.